ಅಮ್ಮನ ಮಾತು ಕೇಳುವ ಕಾರು

ಬ್ರೂನೋ ಎಂಜಲು ಕೈಯಲ್ಲಿ ಕಾಗೆ ಓಡಿಸುವ ಪೈಕಿಯಲ್ಲ. ಹೆತ್ತ ತಾಯಿ ಯಾದ್ವಿಗಾಳೇ ಇದನ್ನು ಒಪ್ಪಿಕೊಂಡ ಮೇಲೆ ಬೇರೆಯವರ ಸಾಕ್ಷಿ ಯಾಕೆ? ಐವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಹೊಸ ಕಾರು ಕೊಳ್ಳಲು ಹೊರಟವನು ಉತ್ತರ ಫ್ರಾನ್ಸಿನ ಲಾನ್ಸ್ ಪಟ್ಟಣದ ಷೋರೂಮಿನವರು ಹೇಳಿದ ಬೆಲೆ ಕೇಳಿ, ಅವರು ಕೊಟ್ಟ ಕಾಫಿಯನ್ನು ಮಾತ್ರ ತಳ ಕಾಣುವವರೆಗೆ ಕುಡಿದು ಎದ್ದು ಬಂದಿದ್ದ. ಆಮೇಲೆ ಯಾರೋ ಲೀಲ್ ನಗರದ ಒಬ್ಬ ದಲ್ಲಾಳಿಯ ಹೆಸರು ಹೇಳಿದರು. ಈ ದಲ್ಲಾಳಿ ಅದೇ ಕಂಪನಿಯ, ಅದೇ ಕಾರ್ಖಾನೆಯ, ಅದೇ ಬಣ್ಣದ ಹೊಸ ಕಾರನ್ನು ಪೋಲೆಂಡಿನಿಂದ ತರಿಸಿಕೊಡುತ್ತಾನಂತೆ. ಅಲ್ಲಿ ಬೆಲೆಯೇ ಕಡಿಮೆ. ಅವನ ಕಮಿಷನ್ ಕಳೆದರೂ ಆರು ಸಾವಿರ ಯೂರೋ ಉಳಿಯುತ್ತದಂತೆ. ಬ್ರೂನೋ ಮುಂಗಡ ಕಟ್ಟಿ ಕಾಯುತ್ತ ಕೂತ. ಕಾರು ಬರುವುದಕ್ಕೆ ಮೊದಲೇ ಆ ಆರು ಸಾವಿರದ ಡಂಗುರ ಗಣಿಯವರ ಸಾಲುಮನೆಗಳಲ್ಲೆಲ್ಲ ಹೊಡೆದಾಗಿತ್ತು.

ಕಾರು ಬಂತು. ನೋಡಲು ಚೆನ್ನಾಗಿಯೇ ಇತ್ತು. ಕೀಲಿ ತಿರುಗಿಸಿದ್ದೇ ತಡ, ಒಳಗಿಂದ ಒಬ್ಬ ಹೆಂಗಸು ಪೋಲಿಷ್ ಭಾಷೆಯಲ್ಲಿ ಏನೋ ಹೇಳಿದಳು. ಬ್ರೂನೋ ಹೆಂಡತಿಯ ಮುಖ ನೋಡಿದ. ಹೆಂಡತಿ ಒದಿಲ್ ಅತ್ತೆಯ ಮುಖ ನೋಡಿದಳು. ಹಿಂದಿನ ಸೀಟಿನಲ್ಲಿ ಕೈಚೀಲ ಅಪ್ಪಿ ಕೂತಿದ್ದ ಯಾದ್ವಿಗಾ, "ಬೆಲ್ಟ್ ಹಾಕ್ಕೋಬೇಕಂತೆ," ಎಂದಳು.

ಪರದೆಯ ಮೇಲಿನ ಅಕ್ಷರಗಳನ್ನು ದಲ್ಲಾಳಿಯ ಕಡೆಯ ಹುಡುಗ ಫ್ರೆಂಚಿಗೆ ತಿರುಗಿಸಿಕೊಟ್ಟ. ಆದರೆ ಮಾತು ಮಾತ್ರ ಜಪ್ಪಯ್ಯ ಅಂದರೂ ಬದಲಾಗಲಿಲ್ಲ. ಕಾರಿಗೆ ಬರುತ್ತಿದ್ದದ್ದು ಪೋಲಿಷ್, ಅರ್ಥವಾಗುತ್ತಿದ್ದದ್ದೂ ಪೋಲಿಷ್. ಷೋರೂಮಿಗೆ ಹೋಗಿ ಕೇಳಿದರೆ ಅವರು, ನಮ್ಮ ಹತ್ತಿರ ಕೊಳ್ಳದ ಕಾರು ತಾನೇ ಎಂದು ಮೂಗು ಮುರಿದು, ಮಾಡಿಕೊಡಬಹುದು, ನಾನೂರಾಗುತ್ತದೆ, ಆದರೂ ಗ್ಯಾರಂಟಿ ಇಲ್ಲ ಎಂದರು. ಉಳಿಸಿದ ದುಡ್ಡಿಗೆ ತೂತು ಕೊರೆಯುವ ಜಾಯಮಾನ ಬ್ರೂನೋನದಲ್ಲ. ಇರಲಿ ಬಿಡು, ನನಗೆ ದಾರಿ ಗೊತ್ತು, ಅವಳು ಏನಾದರೂ ಬಡಬಡಿಸಿಕೊಳ್ಳಲಿ ಎಂದುಬಿಟ್ಟ.

ಹೀಗಾಗಿ ಆ ಮನೆಯಲ್ಲಿ ಹೊಸ ಕಾರು ಮಾತು ಕೇಳುತ್ತಿದ್ದದ್ದು ಎಂಬತ್ತಮೂರು ವರ್ಷದ ಯಾದ್ವಿಗಾ ಒಬ್ಬಳದ್ದನ್ನೇ.

ಅದೂ ಸುಮ್ಮನೆ ಕೇಳಲಿಲ್ಲ. ಯಾದ್ವಿಗಾಳ ಪೋಲಿಷ್ ಅವಳ ಅಪ್ಪ ಪೋಲೆಂಡಿನಿಂದ ಇಲ್ಲಿನ ಗಣಿಗೆ ಇಳಿಯಲು ಬಂದಾಗ ಗಂಟಿನಲ್ಲಿ ಕಟ್ಟಿ ತಂದದ್ದು. ನೂರು ವರ್ಷ ಹಳೆಯ ಮಾತು, ಅದಕ್ಕೆ ಇಲ್ಲಿನ ಕಲ್ಲಿದ್ದಲ ಮಸಿ ಬೇರೆ. ಕಾರಿನೊಳಗಿನವಳದ್ದೋ ರೇಡಿಯೋದಲ್ಲಿ ವಾರ್ತೆ ಓದುವವರ ಪೋಲಿಷ್. ಮೊದಲ ದಿನ ಯಾದ್ವಿಗಾ ಚಳಿಯಾಗುತ್ತಿದೆ, ಒಲೆ ಹಚ್ಚು ಎಂದು ಅಪ್ಪನ ಮಾತಿನಲ್ಲಿ ಹೇಳಿದರೆ, ಕಾರಿನವಳು ಸುತ್ತಮುತ್ತ ಒಲೆ ಮಾರುವ ಅಂಗಡಿಗಳ ಹೆಸರನ್ನು ಒಂದೊಂದಾಗಿ ಓದತೊಡಗಿದಳು. ಯಾದ್ವಿಗಾಳಿಗೆ ನಗು ತಡೆಯಲಾಗಲಿಲ್ಲ. ಗಂಡ ಸ್ತೆಫಾನ್ ಸತ್ತ ಮೇಲೆ ಆ ಭಾಷೆಯಲ್ಲಿ ಅವಳಿಗೆ ಉತ್ತರ ಕೊಟ್ಟವರು ಇದುವರೆಗೆ ಯಾರೂ ಇರಲಿಲ್ಲ. ತಪ್ಪು ಉತ್ತರವಾದರೇನು, ಉತ್ತರವಲ್ಲವೇ? ಕಾರಿನೊಳಗಿನ ಆ ರಾಜಧಾನಿಯ ಮಾತಿನವಳಿಗೆ ವಾರ್ಸಾ ಅಮ್ಮಾವ್ರು ಎಂದು ಹೆಸರಿಟ್ಟಳು.

ಮಕ್ಕಳಿಗೆ ಯಾದ್ವಿಗಾ ಪೋಲಿಷ್ ಕಲಿಸಿರಲಿಲ್ಲ. ಆ ಕಾಲದಲ್ಲಿ ಮನೆಯಲ್ಲಿ ಎರಡು ಭಾಷೆ ಆಡಿದರೆ ಮಕ್ಕಳ ತಲೆ ಕೆಡುತ್ತದೆ ಎಂದು ಶಾಲೆಯ ಮೇಡಂ ಕಡ್ಡಿ ಮುರಿದ ಹಾಗೆ ಹೇಳಿದ್ದರು. ಮೇಡಂ ಹೇಳಿದ ಮೇಲೆ ಮುಗಿಯಿತು. ಗಂಡ ಹೆಂಡತಿ ಪಿಸುಗುಟ್ಟಲು ಒಂದು ಭಾಷೆ, ಮಕ್ಕಳಿಗೆ ಒಂದು ಭಾಷೆ. ಬ್ರೂನೋಗೂ ಅವನ ತಂಗಿ ಸಬೀನ್‌ಗೂ ಬರುತ್ತಿದ್ದದ್ದು ನಾಲ್ಕು ಬೈಗುಳ, ತಿಂಡಿಗಳ ಹೆಸರು, ಮತ್ತೆ ಭಾನುವಾರ ಊಟಕ್ಕೆ ಮುಂಚೆ ಅಮ್ಮ ಪೋಲಿಷ್‌ನಲ್ಲಿ ಹೇಳುವ ಪ್ರಾರ್ಥನೆಯ ಕೊನೆಗೆ, ಹಾಗೆಯೇ ಆಗಲಿ ಎನ್ನುವ ಒಂದು ಆಮೆನ್.

ಈ ಸಬೀನ್ ಎಂಬ ಹೆಸರನ್ನು ಮಾತ್ರ ಬ್ರೂನೋನ ಮನೆಯಲ್ಲಿ ಎತ್ತುವ ಹಾಗಿರಲಿಲ್ಲ. ಸ್ತೆಫಾನ್ ಪಂದ್ಯದ ಪಾರಿವಾಳ ಸಾಕಿದ್ದ; ಗಣಿಯಿಂದ ಬಂದವನು ಮೊದಲು ಗೂಡಿಗೆ ಹೋಗಿ ಆಮೇಲೆ ಮನೆಗೆ ಬರುತ್ತಿದ್ದ. ಅವನು ತೀರಿಕೊಂಡ ತಿಂಗಳೊಳಗೆ ಬ್ರೂನೋ ಪಾರಿವಾಳಗಳನ್ನು ಬೆಲ್ಜಿಯಮ್‌ನವನೊಬ್ಬನಿಗೆ ಮಾರಿ, ಗೂಡು ಕೀಳಿಸಿ, ಕಾರು ನಿಲ್ಲಿಸಲು ಜಾಗ ಮಾಡಿಕೊಂಡ. ನನಗೆ ನಾಲ್ಕಾದರೂ ಉಳಿಸು ಎಂದು ಸಬೀನ್ ಮೊದಲೇ ಕೇಳಿಕೊಂಡಿದ್ದಳು. ಭಾನುವಾರ ಬಂದು ನೋಡಿದರೆ ಅಂಗಳದಲ್ಲಿ ಹಲಗೆಗಳ ರಾಶಿ. ಅಪ್ಪನ್ನ ಎರಡನೇ ಸಲ ಹೂತೆ ಎಂದಳು. ವರ್ಷಕ್ಕೆರಡು ಸಲ ಬರುವವಳು ನನಗೆ ಹೇಳುತ್ತೀಯಾ ಎಂದು ಇವನು ಕೂಗಾಡಿದ. ಅವತ್ತು ಮುರಿದದ್ದು ಆರು ವರ್ಷವಾದರೂ ಕೂಡಲಿಲ್ಲ. ಇಬ್ಬರದೂ ಒಂದೇ ಅಚ್ಚು, ಒಂದೇ ಹಟ. ನಡುವೆ ಒಣಗಿದ್ದು ತಾಯಿ.

ಮೊದಮೊದಲು ಮಂಗಳವಾರದ ಸಂತೆಯಲ್ಲಿ ತಾಯಿ ಮಗಳು ಭೇಟಿಯಾಗುತ್ತಿದ್ದರು. ಆಮೇಲೆ ಸಬೀನ್ ಗಂಡನ ಕೆಲಸದ ಜೊತೆ ದೂರದ ಗುಡ್ಡಗಳಾಚೆಯ ರುವ್‌ಕೂರ್ ಎಂಬ ಹಳ್ಳಿಗೆ ಹೋದಳು. ಹೋದಮೇಲೆ ಅವಳಿಗೆ ಸೊಂಟದ ಆಪರೇಷನ್ ಆಯಿತು. ಕಾರು ಓಡಿಸುವುದು ನಿಂತಿತು. ಬಸ್ಸಿನಲ್ಲಿ ಹೋಗಲು ಯಾದ್ವಿಗಾಳ ಮಂಡಿ ಒಪ್ಪಲಿಲ್ಲ. ಬ್ರೂನೋ ಕೆಲಸಕ್ಕೆ ಹೋದಾಗ ಬರುವ ಫೋನೇ ಗತಿ. ಫೋನಿನಲ್ಲಿ ಮಗಳು ಚೆನ್ನಾಗಿದ್ದೀನಿ ಎನ್ನುತ್ತಿದ್ದಳು. ಫೋನಿನಲ್ಲಿ ಯಾರು ತಾನೇ ಚೆನ್ನಾಗಿಲ್ಲ? ಕಣ್ಣಾರೆ ನೋಡಬೇಕು, ಅವಳು ಹೇಗೆ ನಡೆಯುತ್ತಾಳೆ ನೋಡಬೇಕು, ಇವರಿಬ್ಬರನ್ನು ಒಂದು ಮೇಜಿಗೆ ಕೂರಿಸಿಯೇ ಸಾಯಬೇಕು. ಯಾದ್ವಿಗಾಳಿಗೆ ಬದುಕಿನಲ್ಲಿ ಉಳಿದಿದ್ದ ಆಸೆ ಇದೊಂದೇ.

ಕೇಳಬಹುದಿತ್ತಲ್ಲ ಎನ್ನಬೇಡಿ. ಒಮ್ಮೆ ಕೇಳಿದ್ದಳು. ಬ್ರೂನೋ ತಟ್ಟೆ ಸರಿಸಿ ಎದ್ದುಹೋದ, ಎರಡು ದಿನ ಮಾತಾಡಲಿಲ್ಲ. ಒದಿಲ್ ಒಳ್ಳೆಯವಳೇ, ಆದರೆ ಅಣ್ಣ ತಂಗಿಯ ಜಗಳದ ನಡುವೆ ನಾನು ತಲೆ ಹಾಕುವುದಿಲ್ಲ ಅತ್ತೆ ಎಂದಿದ್ದಳು. ಮಗನ ಮನೆಯಲ್ಲಿ ಕೂತು ಉಣ್ಣುವವಳು ಎಷ್ಟು ಸಲ ಕೇಳಿಯಾಳು?

ವಾರ್ಸಾ ಅಮ್ಮಾವ್ರು ಬಂದ ಮೇಲೆ ಮುದುಕಿಯ ತಲೆ ಓಡತೊಡಗಿತು. ಕಾರಿಗೆ ಊರಿನ ಹೆಸರು ಹೇಳಿದರೆ ಅದು ದಾರಿ ತೋರಿಸುತ್ತದೆ. ಬ್ರೂನೋಗೆ ತಂಗಿಯ ಹೊಸ ಮನೆ ಎಲ್ಲಿದೆಯೆಂದೇ ಗೊತ್ತಿಲ್ಲ. ಇನ್ನೇನು ಬೇಕು? ಮಧ್ಯಾಹ್ನದ ಹೊತ್ತು ಸೀಟು ಒರೆಸುತ್ತೇನೆಂದು ಒದಿಲ್‌ಳಿಂದ ಕೀಲಿ ಇಸಿದುಕೊಂಡು ಕಾರಿನಲ್ಲಿ ಕೂತು ಅಭ್ಯಾಸ ಮಾಡಿದಳು. ರುವ್‌ಕೂರ್ ಎಂದಳು. ಅಮ್ಮಾವ್ರು, ಕ್ಷಮಿಸಿ, ಅರ್ಥವಾಗಲಿಲ್ಲ ಎಂದರು. ಜೋರಾಗಿ ಹೇಳಿದಳು, ಮೆಲ್ಲಗೆ ಹೇಳಿದಳು, ಕೊನೆಗೆ ಬೈದಳು, ಎಲ್ಲಕ್ಕೂ ಕ್ಷಮಿಸಿ. ಫ್ರೆಂಚ್ ಊರಿನ ಹೆಸರನ್ನು ಫ್ರೆಂಚರ ಹಾಗೆ ಹೇಳಿದರೆ ಪೋಲಿಷ್ ಹೆಂಗಸಿಗೆ ಹೇಗೆ ತಿಳಿಯಬೇಕು? ಆಗ ಯಾದ್ವಿಗಾಳಿಗೆ ಅಪ್ಪ ನೆನಪಾದ. ಅವನು ಸಾಯುವವರೆಗೂ ಫ್ರೆಂಚ್ ಬೋರ್ಡುಗಳನ್ನು ಒಂದಕ್ಷರ ಬಿಡದೆ ತನ್ನ ಭಾಷೆಯ ಉಚ್ಚಾರದಲ್ಲೇ ಓದುತ್ತಿದ್ದ, ಬೀದಿಯ ಮಕ್ಕಳು ಅಣಕಿಸುತ್ತಿದ್ದರು, ಇವಳು ನಾಚಿಕೆಯಿಂದ ಹತ್ತು ಹೆಜ್ಜೆ ಹಿಂದೆ ನಡೆಯುತ್ತಿದ್ದಳು. ಈಗ ಅಪ್ಪನ ಹಾಗೆಯೇ ಬಾಯಿ ತಿರುಗಿಸಿ, "ರೋ-ಉ-ವೆ-ತ್ಸೋ-ಉರ್ತ್," ಎಂದಳು. ಪರದೆಯ ಮೇಲೆ ದಾರಿಯ ಗೆರೆ ಮೂಡಿತು. ಯಾದ್ವಿಗಾ ಸೀಟಿನಲ್ಲೇ ಕೂತು ಗಳಗಳ ಅತ್ತಳು.

ಭಾನುವಾರ ಒದಿಲ್ ತನ್ನ ಅಕ್ಕನ ಮನೆಗೆ ಹೋಗಿದ್ದಳು. ಚರ್ಚಿನಿಂದ ಬಂದ ಯಾದ್ವಿಗಾ ಮಗನಿಗೆ, ಗುಡ್ಡದಾಚೆ ಒಬ್ಬ ರೈತ ಹೊಲದಲ್ಲೇ ಆಲೂಗಡ್ಡೆ ಮಾರುತ್ತಾನಂತೆ, ಅಂಗಡಿಯ ಅರ್ಧ ಬೆಲೆಯಂತೆ ಎಂದಳು. ಅರ್ಧ ಬೆಲೆ ಎಂದು ಕಿವಿಗೆ ಬಿದ್ದರೆ ಬ್ರೂನೋ ಮಲಗಿದ್ದಲ್ಲಿಂದ ಏಳುವವನು. ಹಿಂದಿನ ಸೀಟಿಗೆ ಗೋಣಿಚೀಲ ಎಸೆದು ಹೊರಟೇಬಿಟ್ಟ. ಮುಂದೆ ಕೂತ ಯಾದ್ವಿಗಾ ಅಮ್ಮಾವ್ರಿಗೆ ಊರು, ಬೀದಿ, ಮನೆ ನಂಬರು ಹೇಳಿದಳು. ಹೊಲದಲ್ಲಿ ಮಾರುವ ರೈತನಿಗೆ ಮನೆ ನಂಬರು ಯಾಕೆಂದು ಮಗನಿಗೆ ಹೊಳೆಯಲಿಲ್ಲ. ಅವನಿಗೆ ಕೇಳಿಸಿದ್ದು ಬರೀ ಪಾರಿವಾಳದ ಗುಟುರು.

ಗಣಿ ಮಣ್ಣಿನ ದಿಬ್ಬಗಳು ಹಿಂದಾದವು. ಬೀಟ್‌ರೂಟ್ ಹೊಲಗಳು ಬಂದವು. "ಮುಂದಿನ ವೃತ್ತದಲ್ಲಿ ದಯವಿಟ್ಟು ಎಡಕ್ಕೆ ತಿರುಗಿರಿ" ಎಂದು ಅಮ್ಮಾವ್ರು ಹೇಳುವರು, ಪರದೆಯ ಮೇಲೆ ಬಾಣ ಬರುವುದು, ಬ್ರೂನೋ ತಿರುಗಿಸುವನು. ಕೊನೆಕೊನೆಗೆ ಅವನಿಗೂ ಅನುಮಾನ ಬಂತು.

"ಆಲೂಗಡ್ಡೆಗೆ ಐವತ್ತು ಕಿಲೋಮೀಟರಾ ಅಮ್ಮಾ?"

"ಈ ಕಾರು ಪೆಟ್ರೋಲು ಬರೀ ಮೂಸಿ ನೋಡತ್ತೆ ಅಂತ ನೀನೇ ಹೇಳಿದ್ಯಲ್ಲೋ."

ತಾನೇ ಆಡಿದ ಮಾತು, ಗಾಡಿ ಮುಂದಕ್ಕೆ ಬಿಟ್ಟ. ಯಾದ್ವಿಗಾಳಿಗೆ ಮಗನನ್ನು ನೋಡಿ ಪಾಪ ಎನಿಸಿತು. ಸುಳ್ಳು ಹೇಳಿ ಕರೆದೊಯ್ಯುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು.

ರುವ್‌ಕೂರ್‌ನಲ್ಲಿ ಹೊಲವೂ ಇರಲಿಲ್ಲ, ಆಲೂಗಡ್ಡೆಯೂ ಇರಲಿಲ್ಲ. ಒಂದೇ ಥರದ ಹೊಸ ಮನೆಗಳ ಸಾಲು. "ತಾವು ಸೇರಬೇಕಾದ ಸ್ಥಳವನ್ನು ತಲುಪಿದ್ದೀರಿ," ಎಂದರು ಅಮ್ಮಾವ್ರು. ಕಾರಿನ ಸದ್ದಿಗೆ ಬಾಗಿಲು ತೆರೆಯಿತು. ಊರುಗೋಲು ಹಿಡಿದು ಹೊಸ್ತಿಲಲ್ಲಿ ನಿಂತವಳು ಸಬೀನ್. ಮಗಳು ಇಷ್ಟೊಂದು ಇಳಿದುಹೋಗಿದ್ದಾಳೆಂದು ಫೋನು ಹೇಳಿರಲಿಲ್ಲ.

ಬ್ರೂನೋ ಹಾವು ತುಳಿದವನಂತೆ ಬೆಚ್ಚಿದ. ಮುಖ ಕೆಂಪಾಯಿತು. ಗೇರನ್ನು ರಿವರ್ಸಿಗೆ ಹಾಕಿ ಕೈ ಅಲ್ಲೇ ಇಟ್ಟುಕೊಂಡ. ತಂಗಿಯ ಕಡೆ ನೋಡಲಿಲ್ಲ, ತಾಯಿಯ ಕಡೆಯೂ ನೋಡಲಿಲ್ಲ.

"ನಂಗೆ ಮೋಸ ಮಾಡಿದೆ ಅಮ್ಮಾ," ಎಂದ.

"ಹೌದು, ಮಾಡಿದೆ."

"ಬಾಯ್ಬಿಟ್ಟು ಒಂದ್ ಮಾತು ಕೇಳಿದ್ರೆ ಆಗ್ತಿರ್ಲಿಲ್ವಾ?"

"ಪ್ರತಿ ಭಾನುವಾರ ಕೇಳಿದ್ದೀನಿ. ಊಟಕ್ಕೆ ಮುಂಚೆ. ನೀವೆಲ್ಲ ತಲೆ ಬಗ್ಗಿಸಿ ಕೂತಿರ್ತಿದ್ರಿ."

ಬ್ರೂನೋ ಈಗ ತಾಯಿಯ ಕಡೆ ತಿರುಗಿದ. "ಅದು ಪ್ರಾರ್ಥನೆ ಅಲ್ವಾ?"

"ಮೊದಲ್ನೇ ಸಾಲು ಪ್ರಾರ್ಥನೆ. ಆಮೇಲೆ, ಬ್ರೂನೋ, ನನ್ನ ಮಗಳ ಮನೆಗೆ ನನ್ನ ಕರ್ಕೊಂಡು ಹೋಗೋ, ಕಣ್ಣು ಮುಚ್ಚೋದ್ರೊಳಗೆ ನಿಮ್ಮಿಬ್ಬರನ್ನ ಒಟ್ಟಿಗೆ ನೋಡ್ಬೇಕು ಅಂತ. ಫ್ರೆಂಚಲ್ಲಿ ಕೇಳಿದ್ರೆ ನೀನು ಆಗಲ್ಲ ಅಂತಿದ್ದೆ. ಅದನ್ನ ಇನ್ನೊಂದ್ ಸಲ ಕೇಳೋ ಧೈರ್ಯ ನಂಗಿರ್ಲಿಲ್ಲ."

ಕಾರು ಗುರುಗುಟ್ಟುತ್ತಲೇ ಇತ್ತು. ಹೊಸ್ತಿಲಲ್ಲಿ ಸಬೀನ್ ಇಳಿದು ಬರಬೇಕೋ ಒಳಗೆ ಹೋಗಬೇಕೋ ತಿಳಿಯದೆ ನಿಂತಿದ್ದಳು. ಬ್ರೂನೋ ಗೇರಿನ ಮೇಲಿನ ಕೈ ತೆಗೆದು ಹೇಳಿದ:

"ನಾನು ಆಮೆನ್ ಅಂತಿದ್ನಲ್ಲಮ್ಮಾ."

"ಅಂತಿದ್ದೆ. ಎಲ್ಲರಿಗಿಂತ ಜೋರಾಗಿ ಅಂತಿದ್ದೆ. ಅದನ್ನ ಕೇಳ್ಕೊಂಡೇ ಆರು ವರ್ಷ ತಳ್ಳಿದೆ."

ಬ್ರೂನೋ ಎಂಜಿನ್ ಆರಿಸಿದ. ಇಳಿದು, ಕಾರನ್ನು ಸುತ್ತಿ ಬಂದು ತಾಯಿಯ ಕಡೆಯ ಬಾಗಿಲು ತೆಗೆದ. ಅವಳ ಮಂಡಿ ಸಡಿಲವಾಗುವವರೆಗೆ ಕಾದು, ಕೈ ಕೊಟ್ಟು ಎಬ್ಬಿಸಿದ. ಇಬ್ಬರೂ ಗೇಟಿನ ಕಡೆ ನಡೆದರು.