ಔಷಧದಂಗಡಿಯ ಛಾಯಾಗ್ರಾಹಕಿ

ರಾಜೀವಿಯವರು ಮಾತನಾಡುವಾಗ ಎದುರಿಗಿದ್ದವರ ಕಣ್ಣನ್ನು ನೋಡುವುದಿಲ್ಲ. ಬೆಳಕು ಅವರ ಕೆನ್ನೆಗೆ ಎಲ್ಲಿಂದ ಬಂದು ಎಲ್ಲಿ ಮುಗಿಯುತ್ತದೆ ಎಂಬುದನ್ನು ನೋಡುತ್ತಾರೆ. ಸೊರಬದ ಬಸ್ ನಿಲ್ದಾಣದ ಹತ್ತಿರವಿರುವ ಅವರ ಔಷಧದಂಗಡಿಗೆ ಕೆಮ್ಮಿನ ಸಿರಪ್ಪಿಗಾಗಿ ಬಂದವರು, ಡಾಕ್ಟರ ಚೀಟಿ ಕೊಟ್ಟು ನಿಂತಿರುವಾಗಲೇ "ಒಂಚೂರು ಈಚೆ ತಿರುಗಿ ನೋಡಣ" ಎಂಬ ಕೋರಿಕೆಗೆ ಒಳಗಾಗಿ, ಏಕೆಂದು ತಿಳಿಯದೆಯೇ ಕತ್ತು ತಿರುಗಿಸಿ, "ಹಾಂ, ಈಗ ಮೂಗು ಬಂತು" ಎಂಬ ಮೆಚ್ಚುಗೆಯನ್ನೂ ಸಿರಪ್ಪನ್ನೂ ಪಡೆದು ಮನೆಗೆ ಹೋಗುತ್ತಾರೆ.

ಐವತ್ತು ದಾಟುವವರೆಗೆ ಅವರಿಗೆ ಈ ಗೀಳು ಇರಲಿಲ್ಲ. ಶಿವಮೊಗ್ಗದಲ್ಲಿರುವ ಅಣ್ಣನ ಮಗಳು ಹೊಸ ಕ್ಯಾಮೆರಾ ಕೊಂಡು ಹಳೆಯದನ್ನು ಇವರ ಕೈಗಿಟ್ಟಳು. ಅಂದಿನಿಂದ ಮಧ್ಯಾಹ್ನದ ಗಿರಾಕಿಯಿಲ್ಲದ ಹೊತ್ತಿನಲ್ಲಿ ಅಂಗಡಿಯೇ ಪ್ರಯೋಗಶಾಲೆಯಾಯಿತು. ಒಂದೇ ಸ್ಟೀಲಿನ ಲೋಟ ಚಿತ್ರದಲ್ಲಿ ಟ್ಯೂಬ್‌ಲೈಟಿನಡಿ ಹಸಿರಾಗಿ, ಹಳೆಯ ಬಲ್ಬಿನಡಿ ಅರಿಶಿನವಾಗಿ, ಬಾಗಿಲ ಬಳಿ ತಿಳಿನೀಲಿಯಾಗಿ ಮೂಡಿದ್ದನ್ನು ಕಂಡು ಅವರು ಪತಿ ಮಾಬ್ಲೇಶ್ವರರನ್ನು ಕೂಗಿ ಕರೆದರು: "ಇಷ್ಟು ವರ್ಷ ಲೋಟದ ಬಣ್ಣವೇ ಗೊತ್ತಿಲ್ದೆ ಕಾಫಿ ಕುಡಿದ್ವಲ್ರೀ." ಇಂಜೆಕ್ಷನ್ನುಗಳು ಬರುವ ಥರ್ಮಾಕೋಲ್ ಪೆಟ್ಟಿಗೆಯ ಮುಚ್ಚಳ ಬೆಳಕನ್ನು ಮರಳಿ ಎಸೆಯುವ ಹಲಗೆಯಾಯಿತು, ಅಂಗಡಿಯಲ್ಲಿ ತೊಡುವ ಬಿಳಿ ಕೋಟು ಕಿಟಕಿಗೆ ತೂಗುಬಿದ್ದು ಮಧ್ಯಾಹ್ನದ ಉರಿಬಿಸಿಲನ್ನು ಮೃದುವಾಗಿಸಿತು.

ಬಿಲ್ಲು ಹಾಕುವ ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವ ವಿದ್ಯೆ ಕೈಗೆ ಬಂದ ಹೊಸತರಲ್ಲಂತೂ ಅವರಿಗೆ ಅಂಕೆಯೇ ಇರಲಿಲ್ಲ. ತಾಳಗುಂದದ ಹಾದಿಯಲ್ಲಿ ತೆಗೆದ ಭತ್ತದ ಗದ್ದೆಗೆ ಬಣ್ಣವೇರಿಸಿ ಏರಿಸಿ ಗಿಳಿಯ ರೆಕ್ಕೆಯನ್ನೇ ಹಾಸಿದಂತೆ ಮಾಡಿದಾಗ ಮಾಬ್ಲೇಶ್ವರರು ಕನ್ನಡಕ ಸರಿಪಡಿಸಿಕೊಂಡು ಕೇಳಿದರು: "ಇದೆಂಥದು ಮಾರಾಯ್ತಿ, ಈ ಗದ್ದೆಗೆ ಯಾವ ಗೊಬ್ಬರ ಹಾಕಿದ್ರಂತೆ?" ರಾಜೀವಿ ಗಂಟೆಗಟ್ಟಲೆ ನಕ್ಕರು, ನಕ್ಕು, ಬಣ್ಣ ಇಳಿಸಲು ಕುಳಿತರು.

ಈ ಆಟಕ್ಕೆ ಗಾಂಭೀರ್ಯ ಬಂದದ್ದು ರಮ್ಯಳಿಂದ. ತೊಗರ್ಸಿಯಿಂದ ಬಸ್ಸಿನಲ್ಲಿ ಬಂದು ಅಂಗಡಿಯ ಎದುರಿನ ಕ್ಲಿನಿಕ್ಕಿನಲ್ಲಿ ನರ್ಸಾಗಿರುವ ಶ್ಯಾಮಲವರ್ಣದ ಹುಡುಗಿ ಅವಳು. ಶಿಕಾರಿಪುರದ ಸ್ಟುಡಿಯೋ ಒಂದರಲ್ಲಿ ವರಾನ್ವೇಷಣೆಗೆಂದು ತೆಗೆಸಿದ ಭಾವಚಿತ್ರದಲ್ಲಿ ಅವಳನ್ನು ಹಾಲಿನಲ್ಲಿ ಅದ್ದಿದಂತೆ ಬೆಳ್ಳಗೆ ಮಾಡಿದ್ದರು. ನೋಡಲು ಬಂದ ಹುಡುಗನ ತಾಯಿ, ಅವಳು ಕಾಫಿಯ ತಟ್ಟೆ ಹಿಡಿದು ಎದುರಿಗೇ ನಿಂತಿರುವಾಗ, "ಫೋಟೋದಾಗಿನ ಹುಡುಗೀನ ಕರೀರಿ" ಎಂದಿದ್ದಳು. ಅಲ್ಲಿಂದಾಚೆ ರಮ್ಯ ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದಳು.

ರಾಜೀವಿ ಬಹಳ ಒತ್ತಾಯಿಸಿ ಅವಳನ್ನು ಕೂರಿಸಿದರು. ಎದುರಿನಿಂದ ಬಡಿದ ಫ್ಲ್ಯಾಶಿಗೆ ಹಣೆ ಎಣ್ಣೆ ಬಳಿದಂತೆ ಹೊಳೆದು, ಉಳಿದ ಮುಖವೆಲ್ಲ ಕತ್ತಲಲ್ಲಿ ಕರಗಿತು. ಕಂಪ್ಯೂಟರಿನ ಮುಂದೆ ಕುಳಿತು ಮುಖವನ್ನು ತಿಳಿಯಾಗಿಸಿದರು, ಇನ್ನಷ್ಟು, ಮತ್ತಿಷ್ಟು. ಬೆನ್ನ ಹಿಂದೆ ನಿಂತಿದ್ದ ರಮ್ಯ ಮೆಲ್ಲಗೆ ಕೇಳಿದಳು: "ನೀವೂ ಅದನ್ನೇ ಮಾಡ್ತೀರೇನ್ರೀ ಅಕ್ಕಾ?"

ರಾಜೀವಿಯವರ ಕೈ ನಿಂತಿತು. ಪರದೆಯ ಮೇಲೆ ಬೂದಿ ಬಣ್ಣದ ಯಾರೋ ಕುಳಿತಿದ್ದರು. ಚಿತ್ರವನ್ನು ಅಳಿಸಿ, "ಭಾನುವಾರ ಬಾ. ತಪ್ಪು ನಿನ್ನ ಬಣ್ಣದ್ದಲ್ಲ, ನನ್ನ ದೀಪದ್ದು" ಎಂದರು.

ಆ ಭಾನುವಾರ ಅಂಗಡಿಯೊಳಗೆ ನಡೆದದ್ದು ಒಂದು ಮಹಾಯಜ್ಞವೇ ಸರಿ. ಮೊದಲು ರಮ್ಯಳ ಬೆನ್ನ ಹಿಂದೆ ಬಿಳಿ ಪಂಚೆ ಕಟ್ಟಿದರು. ಆ ಬಿಳುಪಿನೆದುರು ಮುಖ ಇನ್ನೂ ಕಪ್ಪಾಯಿತು. ಅದನ್ನು ಕಿತ್ತು ತಮ್ಮ ಕಡುಹಸಿರು ರೇಷ್ಮೆ ಸೀರೆ ಇಳಿಬಿಟ್ಟರು. ಫ್ಲ್ಯಾಶನ್ನು ಆರಿಸಿ ಅವಳನ್ನು ಪಕ್ಕದ ಬಾಗಿಲ ಬೆಳಕಿಗೆ ಓರೆಯಾಗಿ ಕೂರಿಸಿದರು. ಇನ್ನೊಂದು ಬದಿಗೆ ಥರ್ಮಾಕೋಲ್ ಹಿಡಿದು ನಿಂತ ಮಾಬ್ಲೇಶ್ವರರನ್ನು "ಹಿಂದೆ ಹೋಗಿ, ಇನ್ನೂ ಹಿಂದೆ" ಎಂದು ಗೋಡೆಗೆ ಒತ್ತಿದರು. ಬೆಳಕು ಕೆನ್ನೆಯ ಮೇಲೆ ಜಾರಿ, ದವಡೆಯಂಚಿನಲ್ಲಿ ತಂಗಿ, ಮೂಗುಬೊಟ್ಟಿನಲ್ಲಿ ಮಿನುಗಿತು. ಕಪ್ಪೆಂದು ಕರೆಯುತ್ತಿದ್ದ ಆ ಚರ್ಮದೊಳಗಿಂದ ಕೆಂಪು, ಹೊಂಬಣ್ಣ, ನೇರಳೆಯ ಛಾಯೆಗಳು ಒಂದೊಂದಾಗಿ ಎದ್ದು ಬಂದವು. ತಿದ್ದುವಾಗ ಸೀರೆಯ ಹಸಿರನ್ನು ತುಸು ತಗ್ಗಿಸಿದರೇ ವಿನಾ ಮುಖವನ್ನು ಮುಟ್ಟಲಿಲ್ಲ.

ರಮ್ಯ ಬಹಳ ಹೊತ್ತು ನೋಡಿದಳು. "ನಮ್ಮವ್ವನಂಗೇ ಕಾಣ್ತೀನಲ್ರೀ" ಎಂದಳು. ಅದನ್ನು ಹೇಳುವಾಗ ಅವಳ ಧ್ವನಿಯಲ್ಲಿ ಸಂತೋಷವಿತ್ತು.

ಮರುವಾರ ಅವಳು ಆ ಚಿತ್ರವನ್ನು ದೊಡ್ಡದಾಗಿ ಅಚ್ಚುಹಾಕಿಸಲು ಶಿಕಾರಿಪುರದ ಅದೇ ಸ್ಟುಡಿಯೋಗೆ ಹೋದಳು. "ಸ್ವಲ್ಪ ಬೆಳ್ಳಗೆ ಮಾಡಿ ಕೊಡ್ಲೇನ್ರೀ ಸಿಸ್ಟರ್?" ಎಂದು ಅಲ್ಲಿಯವನು ಕೇಳಿದ. "ಏನೂ ಮುಟ್ಟಬ್ಯಾಡ್ರಿ. ನಾ ಹಿಂಗೇ ಅದೀನಿ" ಎಂದು ಹೇಳಿ, ಅಚ್ಚಾಗುವವರೆಗೆ ಅವನ ಪಕ್ಕದಲ್ಲೇ ನಿಂತಿದ್ದು ತಂದಳು. ಸೊರಬದಲ್ಲಿ ಈ ಕಥೆಯನ್ನೆಲ್ಲ ಕೇಳಿದ ರಾಜೀವಿಯವರ ಕಣ್ಣು ತುಂಬಿತಾದರೂ, ಅದನ್ನು ಒರೆಸಿಕೊಳ್ಳುವ ಮೊದಲೇ ಅವರು ಚಿತ್ರವನ್ನು ಬಾಗಿಲಿಗೆ ಹಿಡಿದಿದ್ದರು: "ಕಾಗದಕ್ಕೂ ಒಂದು ಬಣ್ಣ ಇರ್ತದಲ್ಲೇ ಕೂಸೇ! ಇದನ್ನು ಯೋಚನೆಯೇ ಮಾಡಿರಲಿಲ್ಲ."

ತಡವಾಗಿ ಕಲಿಯತೊಡಗುವವರಲ್ಲಿ ಇಂಥವರು ಅಪರೂಪ. ಪರೀಕ್ಷೆಯ ಭಯವಾಗಲಿ ಪ್ರಶಸ್ತಿಯ ಆಸೆಯಾಗಲಿ ಇಲ್ಲದ ಇವರು ತಮ್ಮ ತಪ್ಪನ್ನು ಕಂಡಾಗಲೂ ಹೊಸ ವಸ್ತುವೊಂದು ಸಿಕ್ಕಿತೆಂಬಂತೆ ಹಿಗ್ಗುತ್ತಾರೆ. ಅಂಥವರು ವಾಸಿಸುವ ಊರಿನಲ್ಲಿ ಒಬ್ಬಿಬ್ಬರಾದರೂ ತಮ್ಮ ಮುಖದ ವಿಷಯದಲ್ಲಿ ನಿಶ್ಚಿಂತರಾಗಿರುತ್ತಾರೆ.