ಜಲಾಶಯ ಬರಿದಾದ ತಿಂಗಳು

ಅಣೆಕಟ್ಟಿನ ಗೇಟು ರಿಪೇರಿಗೆಂದು ನೀರು ಹೊರಬಿಡಲು ಶುರುಮಾಡಿದ ಆರನೆಯ ದಿನ ಮೀನುಗಾರನೊಬ್ಬ ನನ್ನ ಹೊಲಿಗೆ ಅಂಗಡಿಯ ಬಾಗಿಲಿಗೆ ಬಂದು ನಿಂತ. ಅವನ ಕಾಲಿಗೆ ಮೆತ್ತಿದ ಕೆಸರು ಇನ್ನೂ ಒಣಗಿರಲಿಲ್ಲ.

"ಅಮ್ಮಾ, ನಡುನೀರಲ್ಲಿ ಏನೋ ಕಪ್ಪಗೆ ಮೇಲೆದ್ದಿದೆ. ವಿಮಾನದ ಬಾಲದ ಥರ. ಮೊದಲು ನಿಮಗೆ ಹೇಳೋಣ ಅಂತ ಬಂದೆ."

ಪೆಡಲಿನ ಮೇಲಿದ್ದ ನನ್ನ ಕಾಲು ಅಲ್ಲೇ ನಿಂತಿತು.

ಆ ವಿಮಾನದಲ್ಲಿದ್ದವನು ನನ್ನ ಅಣ್ಣ. ಯುದ್ಧ ಎರಡನೇ ವರ್ಷಕ್ಕೆ ಕಾಲಿಟ್ಟಾಗ ವಾಯುಪಡೆಗೆ ಸೇರಿದ್ದ. ತರಬೇತಿಯ ಮೈದಾನ ಇದ್ದದ್ದು ನಮ್ಮ ಊರಾಚೆ, ಜಲಾಶಯದ ದಡದಲ್ಲೇ. ಮನೆಯಲ್ಲಿ ಅವನನ್ನು ಚಿಲಕ ಎಂದು ಕರೆಯುತ್ತಿದ್ದೆವು. ಬೀದಿಯ ತಿರುವಿನವರೆಗೆ ಹೋದವನು ಬಾಗಿಲ ಚಿಲಕ ಸರಿಯಾಗಿ ಬಿದ್ದಿದೆಯಾ ಎಂದು ನೋಡಲು ಮರಳಿ ಬರುತ್ತಿದ್ದ. "ಇವನು ಸ್ವರ್ಗಕ್ಕೆ ಹೋದ್ರೂ ಅರ್ಧ ದಾರಿಯಿಂದ ವಾಪಸ್ ಬರ್ತಾನೆ ನೋಡು" ಎಂದು ಅಮ್ಮ ನಗುತ್ತಿದ್ದಳು. ಮುಂದೆ ಆ ಮಾತನ್ನು ನೆನೆದು ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು.

ಅವನು ಯುದ್ಧಕ್ಕೆ ಹೊರಡಲು ಒಂಬತ್ತು ದಿನ ಉಳಿದಿತ್ತು. ಗಾಳಿಯಿಲ್ಲದ, ಮೋಡವಿಲ್ಲದ ಬೆಳಗ್ಗೆ. ಮೇಲಿನಿಂದ ಧುಮುಕಿ ಮತ್ತೆ ಮೇಲೇಳುವ ಅಭ್ಯಾಸಕ್ಕೆ ಒಬ್ಬನೇ ಹೋದ. ಧುಮುಕಿದ, ಮೇಲೇಳಲಿಲ್ಲ. ಮುಳುಗುಗಾರರು ನಾಲ್ಕು ದಿನ ಹುಡುಕಿದರು. ಕೆಸರು ಎಲ್ಲವನ್ನೂ ನುಂಗಿತ್ತು. ಮೂರು ವಾರದ ಮೇಲೆ ಬಂದ ವರದಿಯಲ್ಲಿ ಕಾರಣವನ್ನು ಎರಡೇ ಪದದಲ್ಲಿ ಮುಗಿಸಿದ್ದರು: ಚಾಲಕನ ಅಜಾಗರೂಕತೆ.

"ಯಾರು, ಚಿಲಕನಾ?" ಎಂದು ಅಮ್ಮ ಕೇಳಿದಳು. ಸಾಯುವವರೆಗೆ, ಹತ್ತೊಂಬತ್ತು ವರ್ಷ, ಅದನ್ನೇ ಕೇಳುತ್ತಿದ್ದಳು.

ವರದಿ ಬಂದ ವಾರ ಒಬ್ಬ ಯುವಕ ಮನೆಗೆ ಬಂದ. ಅಣ್ಣನ ವಿಮಾನ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್. ಅಮ್ಮನ ಕೈ ಹಿಡಿದು ಕತ್ತಲಾಗುವವರೆಗೆ ಕೂತಿದ್ದು ಹೋದ. ಆಮೇಲೆ ಪ್ರತಿ ಭಾನುವಾರ ಬಂದ. ನಲ್ಲಿ ಸೋರಿದರೆ, ನನ್ನ ಮೆಷಿನ್ ಕೈಕೊಟ್ಟರೆ ಅವನೇ ರಿಪೇರಿ ಮಾಡಿದ. ಅಮ್ಮ ಅವನನ್ನು ಮಗಾ ಎಂದಳು, ನಾನು ಮೆಕ್ಯಾನಿಕ್ ಅಣ್ಣ ಎಂದೆ. ಅಮ್ಮ ಹೋದಾಗ ಹೆಗಲು ಕೊಟ್ಟವನೂ ಅವನೇ. ಹೀಗೆ ನಲವತ್ತೊಂದು ವರ್ಷ ಕಳೆದಿದ್ದವು.

ಮೀನುಗಾರ ಬಂದುಹೋದ ಮಧ್ಯಾಹ್ನ ಮೆಕ್ಯಾನಿಕ್ ಅಣ್ಣ ಓಡೋಡಿ ಬಂದ. ಅರವತ್ತೈದರ ಮನುಷ್ಯ ಏದುಸಿರು ಬಿಡುತ್ತಿದ್ದ.

"ವಿಮಾನ ಎತ್ತೋಕೆ ವಾಯುಪಡೆ ಆಫೀಸಿನವರು ನಿನ್ನ ಒಪ್ಪಿಗೆ ಕೇಳ್ತಾರೆ. ಸೈನ್ ಹಾಕ್ಬೇಡ ಕಣಮ್ಮ."

"ಯಾಕಣ್ಣಾ?"

"ಮಲಗಿರೋನನ್ನ ಯಾಕೆ ಎಬ್ಬಿಸೋದು? ಹಾಗೇ ಇರಲಿ ಬಿಡು."

ಅವನು ನನ್ನ ಮುಖ ನೋಡುತ್ತಿರಲಿಲ್ಲ. ಕತ್ತರಿಸಿಟ್ಟ ಬಟ್ಟೆಯ ಅಂಚನ್ನು ಬೆರಳಲ್ಲಿ ಹೊಸೆಯುತ್ತಿದ್ದ.

ಎರಡು ದಿನದ ಮೇಲೆ ಕಾಗದ ಬಂತು. ಸಹಿ ಹಾಕಿದೆ.

ನೀರು ದಿನಕ್ಕೆ ಒಂದಾಳುದ್ದ ಇಳಿಯಿತು. ಕೊಳೆತ ಪಾಚಿಯ ವಾಸನೆ ಊರೊಳಗೆ ನುಗ್ಗಿ, ನಾನು ಹೊಲಿದ ಬಟ್ಟೆಗೂ ಹತ್ತಿತು. ಬಾಲದ ಬಳಿಕ ಬೆನ್ನು, ಬೆನ್ನಿನ ಪಕ್ಕದಲ್ಲಿ ಮುರಿದ ಒಂದು ರೆಕ್ಕೆ ಕಂಡವು. ಮೆಕ್ಯಾನಿಕ್ ಅಣ್ಣ ಬೆಳಕು ಹರಿಯುವ ಮೊದಲೇ ಅಣೆಕಟ್ಟಿನ ಏರಿಯ ಮೇಲೆ ಹೋಗಿ ನಿಲ್ಲುತ್ತಿದ್ದ. ಊಟಕ್ಕೆ ಕರೆದರೆ ತಲೆಯಾಡಿಸುತ್ತಿದ್ದ. ಭಾನುವಾರ ಬರಲಿಲ್ಲ.

ಕ್ರೇನು ಬಂದ ದಿನ ನಾನೂ ಹೋದೆ. ಅಣ್ಣ ಸೀಟಿನಲ್ಲೇ ಇದ್ದ, ಇದ್ದಷ್ಟು. ಸೊಂಟದ ಪಟ್ಟಿಯ ಬಕಲ್ ಹಾಕಿದ್ದು ಹಾಕಿದ ಹಾಗೇ ಇತ್ತು.

ಸಂಜೆಗೆ ಮುಂಚೆ ತನಿಖೆಯ ಎಂಜಿನಿಯರ್ ದಡದಲ್ಲಿ ಹಾಕಿದ್ದ ಗುಡಾರಕ್ಕೆ ನನ್ನನ್ನು ಕರೆದಳು. ಮೂವತ್ತು ದಾಟದ ಹೆಂಗಸು. ಮೇಜಿನ ಮೇಲೆ ತುಕ್ಕು ಹಿಡಿದ ರಾಟೆ, ಅದಕ್ಕೂ ತಂತಿಗೂ ನಡುವೆ ಸಿಕ್ಕಿಕೊಂಡ ಒಂದು ಸ್ಪ್ಯಾನರ್.

"ವಿಮಾನ ಮೇಲೇಳಬೇಕಾದ್ರೆ ಈ ತಂತಿ ಓಡ್ಬೇಕು ಅಮ್ಮಾ. ಇದು ಅಡ್ಡ ಸಿಕ್ಕಿಕೊಂಡಿದೆ. ನಿಮ್ಮಣ್ಣನ ತಪ್ಪು ಏನೂ ಇಲ್ಲ. ಎರಡೂ ಕೈಯಲ್ಲಿ ಎಳೆದಿರ್ಬೇಕು, ಮುಂದಿದ್ದ ಹಿಡಿಯ ಸರಳೇ ಬಾಗಿದೆ."

ಅವಳು ಸ್ಪ್ಯಾನರ್ ಮೇಲೆ ಬೆರಳಿಟ್ಟಳು.

"ಆಗ ಪ್ರತಿ ಮೆಕ್ಯಾನಿಕ್‌ಗೂ ಒಂದೊಂದು ನಂಬರ್ ಇತ್ತು, ಅವರ ಸಾಮಾನಿನ ಮೇಲೆಲ್ಲ ಅಚ್ಚು ಹಾಕ್ತಿದ್ರು. ಇದರ ಮೇಲೆ ಹದಿನೇಳು ಅಂತಿದೆ. ಆ ಕಾಲದ ರಿಜಿಸ್ಟರ್ ಸಿಗ್ತಿಲ್ಲ. ಯಾರದ್ದು ಅಂತ ನಿಮಗೇನಾದ್ರೂ…"

ಗುಡಾರದ ಬಾಗಿಲಿಂದ ಏರಿ ಕಾಣುತ್ತಿತ್ತು. ಅಲ್ಲಿ ಯಾರೂ ನಿಂತಿರಲಿಲ್ಲ.

ಮೆಕ್ಯಾನಿಕ್ ಅಣ್ಣನ ಮನೆಯ ಬಾಗಿಲು ತೆರೆದೇ ಇತ್ತು. ಮಂಚದ ಅಂಚಿನಲ್ಲಿ ಕೂತಿದ್ದ, ಒಗೆದ ಅಂಗಿ ತೊಟ್ಟು, ಯಾರೋ ಕರೆದೊಯ್ಯಲು ಬರುತ್ತಾರೆ ಎಂಬಂತೆ.

"ಹದಿನೇಳು ಯಾರ ನಂಬರು?"

"ನಂದು."

"ಯಾವಾಗ ಗೊತ್ತಾಯ್ತು?"

"ಅವನು ಹಾರಿದ ಹತ್ತು ನಿಮಿಷಕ್ಕೆ. ಪೆಟ್ಟಿಗೆ ಮುಚ್ಚೋವಾಗ ಒಂದು ಸ್ಪ್ಯಾನರ್ ಕಡಿಮೆ ಇತ್ತು. ಓಡಿಹೋಗಿ ಹೇಳಿದ್ರೆ ರೇಡಿಯೋದಲ್ಲಿ ಕರೆದು ಇಳಿಸ್ತಿದ್ರು. ಬೈಗುಳ ತಿನ್ಬೇಕಲ್ಲಾ ಅಂತ… ಇಲ್ಲೇ ಎಲ್ಲೋ ಬಿದ್ದಿರತ್ತೆ ಅಂತ ನೆಲದ ಮೇಲೆ ಹುಡುಕ್ತಾ ಕೂತೆ. ಅವನು ಇನ್ನೂ ಕಾಲು ಗಂಟೆ ಮೇಲಿದ್ದ."

ಕಾಲು ಗಂಟೆ.

"ಅಮ್ಮ ನಿನ್ನನ್ನ ಮಗಾ ಅಂತಿದ್ಲು."

"ಪ್ರತಿ ಭಾನುವಾರ ಹೇಳ್ಬೇಕು ಅಂತಾನೇ ಬರ್ತಿದ್ದೆ. ಬಾಗಿಲಲ್ಲೇ 'ಬಾ ಮಗಾ' ಅಂದುಬಿಡೋರು."

"ಎದ್ದೇಳು. ಚಪ್ಪಲಿ ಹಾಕ್ಕೋ" ಎಂದೆ.

ಬಸ್ಸಿನಲ್ಲಿ ಅಕ್ಕಪಕ್ಕ ಕೂತು ಹೋದೆವು. ಆಫೀಸಿನ ಗುಮಾಸ್ತ ಅವನತ್ತ ಪೆನ್ನು ತೋರಿಸಿ ನನ್ನನ್ನು ಕೇಳಿದ: "ಇವರು ನಿಮಗೆ ಏನಾಗ್ಬೇಕು?"

ಅವನೂ ನನ್ನತ್ತ ನೋಡಿದ.

"ಏನೂ ಆಗ್ಬೇಕಿಲ್ಲ" ಎಂದೆ.

ಮೆಕ್ಯಾನಿಕ್ ತನ್ನ ಹೇಳಿಕೆಯನ್ನು ನಾಲ್ಕು ಪುಟ ಬರೆದ. ಎರಡು ತಿಂಗಳಿಗೆ ಹೊಸ ವರದಿ ಬಂತು, ಅಣ್ಣನ ಮೇಲಿನ ಆರೋಪ ಹೋಯಿತು. ಇಷ್ಟು ವರ್ಷದ ಮೇಲೆ ಈ ಮುದುಕನನ್ನು ಶಿಕ್ಷಿಸುವುದಿಲ್ಲ ಎಂದರು. ಅಣ್ಣನನ್ನು ಅಮ್ಮನ ಪಕ್ಕದಲ್ಲೇ ಮಣ್ಣು ಮಾಡಿದೆವು. ಮೆಕ್ಯಾನಿಕ್ ಸ್ಮಶಾನದ ಗೇಟಿನ ಹೊರಗೇ ನಿಂತಿದ್ದ. ನೋಡಿದೆ, ಕರೆಯಲಿಲ್ಲ.

ಅಷ್ಟರಲ್ಲಿ ಅಣೆಕಟ್ಟಿನ ರಿಪೇರಿ ಮುಗಿದು ನೀರು ಮತ್ತೆ ಏರತೊಡಗಿತ್ತು. ಒಂದು ಬೆಳಗ್ಗೆ ಅಣೆಕಟ್ಟಿನ ಕಾವಲುಗಾರ ಅಂಗಡಿಗೆ ಬಂದ.

"ಅಮ್ಮಾ, ನಿಮ್ಮ ಮೆಕ್ಯಾನಿಕ್ಕು ದಿನಾ ಬರ್ತಾರೆ. ಮೊದಲು ಏರಿ ಮೇಲೆ ನಿಲ್ತಿದ್ರು. ಈಗ ನೀರಿನ ಮೆಟ್ಟಿಲಿಳಿದು ನಿಲ್ತಾರೆ, ನಿನ್ನೆಗಿಂತ ಇವತ್ತು ಒಂದು ಕೆಳಗೆ. ಕರೆದ್ರೆ ಕಿವಿಗೆ ಹಾಕ್ಕೊಳಲ್ಲ."

ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಹೋದೆ. ನೀರು ಅವನ ಮೊಣಕಾಲಿಗೆ ಬಂದಿತ್ತು. ಕ್ಷಮಿಸಿದ್ದೀಯಾ ಎಂದು ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ. ಅವನು ಕೇಳಲಿಲ್ಲ.

"ಮೇಲೆ ಬಾ" ಎಂದೆ.

ಒಂದೊಂದೇ ಮೆಟ್ಟಿಲು ಹತ್ತಿ ಬಂದ. ಅವನ ಮನೆಯವರೆಗೂ ಹತ್ತು ಹೆಜ್ಜೆ ಹಿಂದೆಯೇ ನಡೆದೆ.