ಎಣ್ಣೆ ಮುಟ್ಟದ ತಲೆ

ಮೇಷ್ಟ್ರಿಗೆ ಮೊದಲೇ ಗೊತ್ತಿತ್ತೋ? ಗೊತ್ತಿದ್ದೇ ಆ ದಿನ ತರಗತಿಯಲ್ಲಿ ತನ್ನನ್ನು ಕರೆದದ್ದಾದರೆ ಅದು ಬರೀ ಕರುಣೆ. ಬಾವಿಕಟ್ಟೆಯಿಂದ ನೀರಿನ ಕೊಡ ಹೊತ್ತು ಬರುತ್ತಿದ್ದ ವಸಂತ ಅಂಗಳದ ನಡುವೆ ನಿಂತುಬಿಟ್ಟ. ಉತ್ತರ ಹೇಳಬೇಕಾದ ಮನುಷ್ಯ ಬಾಳೆಲೆಯ ಮೇಲೆ, ತೆಂಕಣಕ್ಕೆ ತಲೆಯಿಟ್ಟು ಮಲಗಿದ್ದರು.

"ಬನ್ನಿ ಮಾರಾಯ್ರೇ," ಎಂದ ನೆರೆಮನೆಯ ಚನಿಯಪ್ಪ. "ನಿಮ್ಮ ಯೋಚನೆ ಮುಗಿಯುವಾಗ ಮೇಷ್ಟ್ರು ಎದ್ದು ತಾವೇ ಮೀಯ್ತಾರೆ."

ಯಾರೋ ಮೆಲ್ಲಗೆ ನಕ್ಕರು. ಬೆಳುವಾಯಿಯ ಈ ಮನೆಗೆ ವಸಂತ ಬಂದದ್ದು ಇದೇ ಮೊದಲು. ಬಿ.ಸಿ. ರೋಡಿನಲ್ಲಿ ಅವನ ಪೇಂಟಿನ ಅಂಗಡಿ. ರುಕ್ಮಯ್ಯ ಮೇಷ್ಟ್ರು ಹೋದರೆಂದು ತಿಳಿದಾಗ ಅರ್ಧ ತೆರೆದ ಶಟರನ್ನು ಹಾಗೇ ಎಳೆದು ಹೊರಟಿದ್ದ. ಹಳೆಯ ಶಿಷ್ಯ ಎಂದದ್ದಕ್ಕೆ ಯಾರೂ ಹೆಚ್ಚು ವಿಚಾರಿಸದೆ ಕೈಗೆ ಕೊಡ ಕೊಟ್ಟಿದ್ದರು.

* * *

ವಸಂತ ಓದಿದ ಕಕ್ಕಿಂಜೆಯ ಹೈಸ್ಕೂಲು. ಮಂಗಳೂರಿನಲ್ಲಿ ತರಬೇತಿ ಮುಗಿಸಿ ಮೇಷ್ಟ್ರು ಆ ದಿನವಷ್ಟೇ ಮರಳಿದ್ದರು.

"ಒಂದು ಕೊಡೆಯಲ್ಲಿ ಇಬ್ಬರು ಹೋಗ್ತಾರೆ. ಕೊಡೆ ಇಬ್ಬರದ್ದೂ. ಆದ್ರೆ ಎಳೆಯುವ ಶಕ್ತಿ ಇದ್ದವನ ಕಡೆಗೆ ವಾಲ್ತದೆ, ಇನ್ನೊಬ್ಬನ ಹೆಗಲು ಒದ್ದೆ. ನೀರಲ್ಲಿ ಆಮ್ಲಜನಕ ಹಾಗೆ. ಎಲೆಕ್ಟ್ರಾನನ್ನು ಹಂಚಿಕೊಳ್ತದೆ, ಹಂಚಿಕೊಂಡದ್ದನ್ನೇ ತನ್ನ ಕಡೆಗೆ ಎಳೀತದೆ. ಅದರ ಕಡೆ ಚೂರು ಋಣ, ಜಲಜನಕದ ಕಡೆ ಚೂರು ಧನ. ಸಮ ಅಲ್ಲದ ಬಂಧ."

ಅದನ್ನು ಕಣ್ಣಿಗೆ ಕಾಣಿಸುತ್ತೇನೆಂದು ಅವರು ತಲೆ ಬಾಚಿ, ಬಾಚಣಿಗೆಯನ್ನು ನಳ್ಳಿಯ ಸಣ್ಣ ಧಾರೆಯ ಹತ್ತಿರ ಹಿಡಿದರು. ನೀರು ಅಲ್ಲಾಡಲಿಲ್ಲ. ಕೂದಲಿನಲ್ಲಿ ತೆಂಗಿನೆಣ್ಣೆ; ಒಣಕೂದಲಿಗೆ ಉಜ್ಜಿದರಷ್ಟೇ ಬಾಚಣಿಗೆಗೆ ನೀರನ್ನು ಸೆಳೆಯುವ ವಿದ್ಯುತ್ತು ಬರುವುದು. ಮುಂದಿನ ಬೆಂಚಿನವರ ತಲೆಗಳೂ ಹಾಗೆಯೇ ಮಿಂಚುತ್ತಿದ್ದವು.

"ಎಣ್ಣೆ ಹಾಕದವರು ಯಾರುಂಟು?"

ಕಣ್ಣುಗಳೆಲ್ಲ ಹಿಂದಿನ ಬೆಂಚಿಗೆ ತಿರುಗಿದವು. ವಸಂತನನ್ನು ಸಾಕಿದ ಸೋದರಮಾವ ತೀರಿಕೊಂಡು ವಾರವಾಗಿರಲಿಲ್ಲ. ಉತ್ತರಕ್ರಿಯೆಯ ಬೊಜ್ಜ ಕಳೆದು ಸೂತಕ ಹೋಗುವ ತನಕ ಮನೆಯಲ್ಲಿ ಯಾರೂ ತಲೆಗೆ ಎಣ್ಣೆ ಮುಟ್ಟಿಸುವಂತಿರಲಿಲ್ಲ. ಗೆಳೆಯರು ಅವನೆದುರು ದನಿ ತಗ್ಗಿಸಿ ಮಾತಾಡುತ್ತಿದ್ದರು, ಆಟಕ್ಕೆ ಕರೆಯುತ್ತಿರಲಿಲ್ಲ.

ಅವನು ಎದ್ದು ಹೋಗಿ ಬಾಚಿದ. ನೂಲಿನಂಥ ನೀರು ಬಾಚಣಿಗೆಯತ್ತ ಬಾಗಿತು.

"ಯಾವ ಸಾಬೂನು ಮಾರಾಯ ನಿಂದು?"

"ಬಟ್ಟೆ ಒಗೆಯುವುದು ಸರ್."

ಎಲ್ಲರೂ ನಕ್ಕರು. ಅವನೂ ನಕ್ಕ. ಬೆಲ್ಲು ಹೊಡೆದ ಮೇಲೂ ನಳ್ಳಿಯ ಸುತ್ತ ನೂಕುನುಗ್ಗಲು. "ಒಮ್ಮೆ ನಿನ್ನ ತಲೆ ಕೊಡು ಮಾರಾಯ" ಎಂದು ಹುಡುಗರು ಸರದಿ ನಿಂತರು.

ಮರುದಿನ ಮೇಷ್ಟ್ರು ಅವನ ಬೆಂಚಿನ ಬಳಿ ಬಂದು, ತಲೆಯ ಮೇಲೆ ಒಮ್ಮೆ ಕೈಯಿಟ್ಟು ಮುಂದೆ ಹೋದರು. ಆ ಕೈ ಅವನ ಸಂತೋಷವನ್ನು ಕೆಡಿಸಿತು. ಎಲ್ಲ ಗೊತ್ತಿದ್ದೇ, ಪಾಪದವನೆಂದು ಕರೆದಿದ್ದರೇ? ವರ್ಷಗಳ ಮೇಲೆ ಅವರು ಅವನ ಅಂಗಡಿಗೆ ಬಂದಾಗಲೆಲ್ಲ ಪೇಂಟಿನ ಮಾತೇ ಆಯಿತು. ಹೊರಡುವಾಗ ಮಾತ್ರ ಅವನ ತಲೆಗೂದಲನ್ನು ಒಮ್ಮೆ ನೋಡುತ್ತಿದ್ದರು.

* * *

ಸ್ನಾನಕ್ಕೆ ಮೊದಲು ಎಣ್ಣೆ ಮುಟ್ಟಿಸಬೇಕು. ಮೇಷ್ಟ್ರ ಹೆಂಡತಿ ಸೇಸಮ್ಮ ಬಟ್ಟಲು ಹಿಡಿದು ಕೂತರು. ಬೆರಳು ಅದ್ದಿದವರು, ಆಮೇಲೆ ಅಂಗೈ ತುಂಬ ಸುರಿದುಕೊಂಡು ಗಂಡನ ಬಿಳಿಗೂದಲಿಗೆ ತಿಕ್ಕತೊಡಗಿದರು.

"ಸಾಕು ಅಕ್ಕಾ," ಎಂದ ಚನಿಯಪ್ಪ.

"ಎಷ್ಟು ವರ್ಷ ಆಯ್ತು ಈ ತಲೆಗೆ ಎಣ್ಣೆ ತಾಗದೆ. ಇವತ್ತು ಬೇಡ ಅನ್ಲಿಕ್ಕೆ ಬಾಯಿ ಇಲ್ಲ."

"ಒಣತಲೆ ಮೇಷ್ಟ್ರು ಅಂತ ನಾವೇ ಹೆಸರಿಟ್ಟದ್ದು. ಅದೇನು ಹರಕೆಯಾ?"

ಸೇಸಮ್ಮ ಕೈ ನಿಲ್ಲಿಸಲಿಲ್ಲ. "ಕಕ್ಕಿಂಜೆಯಲ್ಲಿರುವಾಗ ಒಂದು ಸಂಜೆ ಬಂದವರು ಊಟಕ್ಕೆ ಏಳಲಿಲ್ಲ. 'ಸೂತಕದ ಹುಡುಗನನ್ನು ಎಲ್ಲರೆದುರು ನಿಲ್ಲಿಸಿ ಆಟ ತೋರಿಸಿದೆ, ನಂಗೆ ಗೊತ್ತೇ ಇರ್ಲಿಲ್ಲ ಸೇಸಿ, ಹೆಡ್‌ಮಾಸ್ಟ್ರು ಆಮೇಲೆ ಹೇಳಿದ್ದು' ಅಂದ್ರು. ಮರುದಿನದಿಂದ ಎಣ್ಣೆ ಬಿಟ್ರು. ಇನ್ನು ಆ ಪಾಠಕ್ಕೆ ನನ್ನ ತಲೆಯೇ ಸಾಕು, ಮಕ್ಕಳನ್ನು ಕೇಳುವುದು ಬೇಡ ಅಂತ. ರಿಟೈರಾದ ಮೇಲೂ ಹಾಕ್ಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡರು. "ಆ ಹುಡುಗ ಈಗ ಎಲ್ಲಿದ್ದಾನೋ."

ವಸಂತ ಕೊಡ ಹಿಡಿದು ಮೇಷ್ಟ್ರ ತಲೆಯ ಬಳಿ ಬಂದ.

"ಹೊಯ್ಯಿ," ಎಂದ ಚನಿಯಪ್ಪ.

ಅವನು ಕೊಡ ಬಾಗಿಸಿದ. ಎಣ್ಣೆ ಕುಡಿದ ಕೂದಲಿಗೆ ಅಂಟದೆ ನೀರು ಮಣಿಮಣಿಯಾಗಿ ಜಾರಿ ಬಾಳೆಲೆಯ ಮೇಲೆ ಉರುಳಿತು. ಆ ದಿನ ತನಗೆ ನೋವಾಗಿರಲಿಲ್ಲ, ಖುಷಿಯಾಗಿತ್ತು ಎಂದು ಅವನು ಮೇಷ್ಟ್ರಿಗೆ ಎಂದೂ ಹೇಳಿರಲಿಲ್ಲ.